ಗಂಟಿನ ಗುಟ್ಟು ಜಿಡ್ಡಿನಲ್ಲಿದೆ

ದುಬಾರೆಯ ಆನೆ ಶಿಬಿರದಲ್ಲಿ ಕಾವೇರಿ ಸ್ನಾನ ಮುಗಿಸಿದ ಆನೆಗಳಿಗೆ ಮುದ್ದೆಯ ಊಟ. ರಾಗಿಹಿಟ್ಟು, ಬೇಯಿಸಿದ ಹುರುಳಿ, ಬೆಲ್ಲ. ಮಾವುತ ಮುದ್ದೆಯನ್ನು ನೇರ ಬಾಯೊಳಗೇ ಇಡುತ್ತಾನೆ, ಪ್ರವಾಸಿಗರ ಮೊಬೈಲುಗಳು ಮೇಲೇಳುತ್ತವೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಹುರುಳಿಯ ಪ್ರೋಟೀನು ರಾಗಿಯದರ ಸುಮಾರು ಮೂರು ಪಟ್ಟು. ಪ್ರೋಟೀನಿಗೆ ಸಾರಜನಕ ಬೇಕು, ಆದರೆ ಹುರುಳಿ ಹೊಲಕ್ಕೆ ಯೂರಿಯಾ ಮೂಟೆ ಹೊತ್ತುಕೊಂಡು ಹೋಗುವ ರೈತರು ಕಡಿಮೆ. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವನ್ನೇ ಆ ಗಿಡ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳಿಂದ ಹಿಡಿಸಿಕೊಳ್ಳುತ್ತದೆ.

ಶಿಬಿರದಿಂದ ಹೊಳೆ ದಾಟಿ ನಂಜರಾಯಪಟ್ಟಣದ ಕಡೆ ಬಂದರೆ ಕಾಫಿ ತೋಟಗಳು. ಅಲ್ಲಿಯೂ ಇದೇ ಕಸುಬಿನವರಿದ್ದಾರೆ. ಕಾಫಿಗೆ ನೆರಳಾಗಿ, ಕರಿಮೆಣಸಿನ ಬಳ್ಳಿಗೆ ಆಸರೆಯಾಗಿ ನೆಟ್ಟ ಹಾಲುವಾಣ ಹುರುಳಿಯ ದೂರದ ನೆಂಟ. ಅದರ ಬೇರಿನಲ್ಲೂ ಗಂಟು, ಗಂಟಿನೊಳಗೆ ಬ್ರ್ಯಾಡಿರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ. ಸಣ್ಣದೊಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಮಾಂಸದಂಥ ನಸುಗೆಂಪು ಕಾಣುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸೋದರ ಸಂಬಂಧಿ. ಕೆಂಪಿದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಬ್ಯಾಕ್ಟೀರಿಯಾ ಅಲ್ಲಿ ಇದ್ದೂ ಕೆಲಸಕ್ಕಿಲ್ಲ.

ಕೆಂಪಿಗೂ ಬಿಳಿಚಿಗೂ ನಡುವಿನ ವ್ಯತ್ಯಾಸವನ್ನು ತೀರ್ಮಾನಿಸುವುದು ಯಾವುದು? ಪಠ್ಯಪುಸ್ತಕದ ಉತ್ತರ ನೈಟ್ರೋಜಿನೇಸ್ ಎಂಬ ಕಿಣ್ವ ಮತ್ತು ಅದನ್ನು ಕಟ್ಟುವ ನಿಫ್ ಜೀನುಗಳು. ಈ ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಬದನೆಗೋ ಭತ್ತಕ್ಕೋ ಆ ಜೀನನ್ನು ಸೇರಿಸಿಬಿಟ್ಟರೆ ಗೊಬ್ಬರದ ಖರ್ಚೇ ಇಲ್ಲ ಎಂಬ ಕನಸು ಹುಟ್ಟಿದ್ದು ಈ ಅರ್ಧ ಉತ್ತರದಿಂದ. ಒಂದು ಪೊಟ್ಟಣ ಜೈವಿಕ ಗೊಬ್ಬರದಲ್ಲಿ ಎಷ್ಟು ಕೋಟಿ ಜೀವಾಣುಗಳಿವೆ ಎಂಬ ಲೆಕ್ಕದಲ್ಲೇ ಅದರ ಬೆಲೆ ಕಟ್ಟುವ ರೂಢಿಯೂ ಇದರದೇ ಫಲ. ಉಳಿದರ್ಧ ಉತ್ತರ ಕಿಣ್ವದಲ್ಲಿಲ್ಲ, ಕಿಣ್ವವನ್ನು ಹೊತ್ತ ಜೀವಕೋಶದ ಮೈಹೊದಿಕೆಯಲ್ಲಿದೆ, ಅಂದರೆ ಪೊರೆಯಲ್ಲಿ. ಆ ಹೊದಿಕೆಯ ಮುಖ್ಯ ವಸ್ತು ಕೊಬ್ಬು, ವಿಜ್ಞಾನದ ಮಾತಿನಲ್ಲಿ ಲಿಪಿಡ್. ಕೊಡಗಿನಂಥ ಹುಳಿಮಣ್ಣಿನ, ಮಳೆಗೆ ತೊಳೆದುಹೋಗುವ ನೆಲದಲ್ಲಿ ಈ ಲಿಪಿಡ್ಡುಗಳ ಲೆಕ್ಕ ಬಿಟ್ಟು ಸಾರಜನಕದ ಲೆಕ್ಕ ಹಾಕಿದರೆ ಅದು ತಾಳೆಯಾಗುವುದಿಲ್ಲ.

ನೈಟ್ರೋಜಿನೇಸ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ. ಭತ್ತದ ಗದ್ದೆಯ ನೀಲಿಹಸಿರು ಪಾಚಿಯಲ್ಲೂ, ಹುರುಳಿ ಗಂಟಿನಲ್ಲೂ, ಗಾಳಿಮರದ ಬೇರಿನಲ್ಲೂ ಅದರ ಹೃದಯಭಾಗದಲ್ಲಿ ಕಬ್ಬಿಣ, ಗಂಧಕ, ಮಾಲಿಬ್ಡಿನಂಗಳ ಒಂದೇ ಬಗೆಯ ಗೊಂಚಲು. ಒಂದು ಸಾರಜನಕದ ಅಣುವನ್ನು ಒಡೆದು ಅಮೋನಿಯಾ ಮಾಡಲು ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಅಣುಗಳು ಕನಿಷ್ಠ 16 ಖರ್ಚು. ಅಷ್ಟು ಶಕ್ತಿ ಬೇಕೆಂದರೆ ಬ್ಯಾಕ್ಟೀರಿಯಾ ಉಸಿರಾಡಬೇಕು, ಉಸಿರಾಟಕ್ಕೆ ಆಮ್ಲಜನಕ ಬೇಕು. ಆದರೆ ಆಮ್ಲಜನಕ ತಾಕಿದರೆ ನೈಟ್ರೋಜಿನೇಸ್ ಹಾಳಾಗುತ್ತದೆ. ಬೇಕಾದ್ದೂ ಅದೇ, ಕೊಲ್ಲುವುದೂ ಅದೇ. ಈ ಇಕ್ಕಟ್ಟಿನಿಂದ ಪಾರಾಗಲು ಬೇರೆ ಬೇರೆ ಜೀವಿಗಳು ಬೇರೆ ಬೇರೆ ದಾರಿ ಹುಡುಕಿಕೊಂಡಿವೆ, ಹಲವು ದಾರಿಗಳು ಹಾದುಹೋಗುವುದು ಪೊರೆಯ ಮೂಲಕ.

1972ರಲ್ಲಿ ರೇ ಡಿಕ್ಸನ್ ಮತ್ತು ಜಾನ್ ಪೋಸ್ಟ್‌ಗೇಟ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ನಿಫ್ ಜೀನುಗಳನ್ನು ಇ. ಕೋಲಿಗೆ ದಾಟಿಸಿದರು. ಕರುಳಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯಿತು! ಜಗತ್ತು ಬೆರಗಾಯಿತು. ಆದರೆ ಅದು ಹಿಡಿದದ್ದು ಆಮ್ಲಜನಕವಿಲ್ಲದ ಪಾತ್ರೆಯಲ್ಲಿ ಮಾತ್ರ. ಜೀನು ದಾಟಿತ್ತು, ಕಿಣ್ವ ದಾಟಿತ್ತು. ತೆರೆದ ಗಾಳಿಯಲ್ಲಿ ಆ ಕಿಣ್ವವನ್ನು ಕಾಪಾಡುವ ಏರ್ಪಾಡು ದಾಟಿರಲಿಲ್ಲ. ಅರ್ಧ ಶತಮಾನ ಕಳೆದರೂ ಭತ್ತದ ಗದ್ದೆ ಯೂರಿಯಾ ಬಿಟ್ಟಿಲ್ಲ ಎಂಬುದಕ್ಕೆ ಕಾರಣಗಳಲ್ಲಿ ಇದೂ ಒಂದು.

ಇನ್ನೂ ಚೊಕ್ಕವಾದ ಸಾಕ್ಷಿ ಗದ್ದೆಯಲ್ಲೇ ತೇಲುತ್ತಿದೆ. ಭಾರತದ ಭತ್ತದ ಗದ್ದೆಗಳ ಫಲವತ್ತತೆಗೆ ನೀಲಿಹಸಿರು ಪಾಚಿ ಕಾರಣ ಎಂದು ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಅಜೋಲಾ ಜರಿಗಿಡದ ಎಲೆಯೊಳಗೆ ವಾಸಿಸುವುದೂ ಇದೇ ಕುಲದ ಜೀವಿ. ಮಣಿಸರದಂತೆ ಸಾಲಾಗಿ ಬೆಳೆಯುವ ಈ ಪಾಚಿಯಲ್ಲಿ ಹತ್ತಿಪ್ಪತ್ತು ಜೀವಕೋಶಗಳಿಗೆ ಒಂದರಂತೆ ದಪ್ಪ ಗೋಡೆಯ ಹೆಟೆರೋಸಿಸ್ಟ್ ಇರುತ್ತದೆ. ಸಾರಜನಕ ಹಿಡಿಯುವ ಕೆಲಸ ಅಲ್ಲಿ ಮಾತ್ರ. ಅದರ ಹೊರಗೋಡೆಯಲ್ಲಿ ಗ್ಲೈಕೋಲಿಪಿಡ್ ಎಂಬ ಸಕ್ಕರೆ ಸೇರಿದ ಕೊಬ್ಬಿನ ಪದರಗಳಿವೆ. ಹಿಂದೆ ಗದ್ದೆ ನಾಟಿಗೆ ಹೆಂಗಸರು ಹೊದ್ದುಕೊಳ್ಳುತ್ತಿದ್ದ ಗೊರಬೆಯಲ್ಲಿ ಎಲೆಯ ಮೇಲೆ ಎಲೆ ಜೋಡಿಸಿ ಮಳೆ ತಡೆಯುತ್ತಿದ್ದಂತೆ, ಪದರದ ಮೇಲೆ ಪದರ ಕೂತು ಆಮ್ಲಜನಕವನ್ನು ತಡೆಯುತ್ತವೆ. ಈ ಕೊಬ್ಬನ್ನು ಮಾಡಲಾರದ ರೂಪಾಂತರಿತ ಪಾಚಿಗಳನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದಾರೆ. ಅವುಗಳಲ್ಲಿ ನಿಫ್ ಜೀನು ಸರಿಯಾಗಿದೆ. ಆಮ್ಲಜನಕ ತೆಗೆದರೆ ಸಾರಜನಕ ಹಿಡಿಯುತ್ತವೆ, ಗಾಳಿಗೆ ತೆರೆದಿಟ್ಟರೆ ಹಿಡಿಯುವುದಿಲ್ಲ. ಕೊರತೆ ಕೊಬ್ಬಿನದು, ಸೋಲು ಸಾರಜನಕದ್ದು. ಪೊರೆ ಅಂದರೆ ಬರೀ ಚೀಲ ಎಂದು ನಂಬಿದವರು ಈ ಪ್ರಯೋಗಕ್ಕೆ ಉತ್ತರ ಹೇಳಬೇಕಾಗುತ್ತದೆ.

ಗಾಳಿಮರದ ಜೊತೆಗಾರ ಫ್ರ್ಯಾಂಕಿಯಾ ಇದನ್ನೇ ಬೇರೆ ವಸ್ತುವಿನಿಂದ ಮಾಡುತ್ತದೆ. 1868ರ ಸುಮಾರಿಗೆ ಕಾರವಾರದ ಕಡಲತೀರದಲ್ಲಿ ನೆಡತೊಡಗಿದ ಆ ಮರ ಬರೀ ಮರಳಿನಲ್ಲಿ ಬೆಳೆದದ್ದಕ್ಕೆ ಬೇರಿನ ಈ ಬ್ಯಾಕ್ಟೀರಿಯಾ ಒಂದು ಕಾರಣ. ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸಿದಾಗ ಫ್ರ್ಯಾಂಕಿಯಾ ಪುಟ್ಟ ಗುಳ್ಳೆಗಳನ್ನು ಕಟ್ಟುತ್ತದೆ. 1993ರಲ್ಲಿ ಅಲಿಸನ್ ಬೆರಿ ಮತ್ತು ಸಂಗಡಿಗರು ಆ ಗುಳ್ಳೆಯ ಹೊದಿಕೆ ಮುಖ್ಯವಾಗಿ ಹೋಪನಾಯ್ಡ್ ಎಂಬ ಲಿಪಿಡ್ಡಿನದು ಎಂದು ತೋರಿಸಿದರು. ಸುತ್ತಲಿನ ಆಮ್ಲಜನಕ ಹೆಚ್ಚಿದಂತೆ ಪದರಗಳ ಸಂಖ್ಯೆಯೂ ಹೆಚ್ಚುತ್ತದೆ. ಆದರೆ ಗಾಳಿಮರದ ಗಂಟಿನೊಳಗೆ ಹೋದ ಮೇಲೆ ಅದೇ ಫ್ರ್ಯಾಂಕಿಯಾ ಗುಳ್ಳೆ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಅಲ್ಲಿ ಗಾಳಿ ತಡೆಯುವ ಹೊಣೆಯನ್ನು ಮರದ ಜೀವಕೋಶಗಳೇ ಹೊರುತ್ತವೆ. ಅಂದರೆ ಲಿಪಿಡ್ ಎಲ್ಲ ಕಡೆ ಕಡ್ಡಾಯವಲ್ಲ, ಆತಿಥೇಯ ಏನು ಕೊಡುತ್ತದೆ ಎನ್ನುವುದರ ಮೇಲೆ ಅದರ ಅಗತ್ಯ ನಿಂತಿದೆ. ಈ ಮಾತು ಮುಂದೆ ಬೇಕಾಗುತ್ತದೆ.

ಹೋಪನಾಯ್ಡ್ ನಮ್ಮ ಮೈಯ ಕೊಲೆಸ್ಟರಾಲಿನ ಬ್ಯಾಕ್ಟೀರಿಯಾ ಲೋಕದ ಪ್ರತಿರೂಪ. ಪೊರೆಯ ಸಂದುಗಳಲ್ಲಿ ಸೇರಿಕೊಂಡು ಅದನ್ನು ಬಿಗಿ ಮಾಡುತ್ತದೆ. ಕೋಟ್ಯಂತರ ವರ್ಷ ಹಾಳಾಗದಷ್ಟು ಗಟ್ಟಿ, ಕಚ್ಚಾ ತೈಲದಲ್ಲೂ ಇದರ ಪಳೆಯುಳಿಕೆ ಸಿಗುತ್ತದೆ. ಹಾಲುವಾಣದ ಗಂಟಿನಲ್ಲಿರುವ ಬ್ರ್ಯಾಡಿರೈಜೋಬಿಯಂ ಕುಲ ಹೋಪನಾಯ್ಡ್ ಮಾಡುವುದರಲ್ಲಿ ಧಾರಾಳಿ. ಬೆಂಡಿನ ಗಿಡವೂ ಸೇರಿರುವ ಈಸ್ಕಿನೊಮೆನೆ ಕುಲದ ಗಿಡಗಳಲ್ಲಿ ಗಂಟು ಕಟ್ಟುವ ಅದರ ಒಂದು ತಳಿಯ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೋಜಿಗದ್ದು. ಆ ತಳಿಯ ಹೊರಪೊರೆಯಲ್ಲಿ ಹೋಪನಾಯ್ಡ್ ಸುಮ್ಮನೆ ಸೇರಿಕೊಂಡಿಲ್ಲ, ಬಹಳ ಉದ್ದದ ಕೊಬ್ಬಿನಾಮ್ಲದ ಸರಪಳಿಯ ತುದಿಗೆ ರಾಸಾಯನಿಕವಾಗಿ ಹೊಲಿಗೆ ಬಿದ್ದಿದೆ. ಹೋಪನಾಯ್ಡ್ ಮಾಡುವ ಜೀನನ್ನು ಕೆಡಿಸಿದಾಗ ಬ್ಯಾಕ್ಟೀರಿಯಾ ಹುಳಿಗೂ, ಗಿಡ ಎಸೆಯುವ ರಕ್ಷಣಾ ರಾಸಾಯನಿಕಗಳಿಗೂ ಸುಲಭವಾಗಿ ಬಲಿಯಾಯಿತು. ಗಂಟಿನಲ್ಲಿ ಹೆಚ್ಚು ದಿನ ಬಾಳಲಿಲ್ಲ.

ಗಿಡವೂ ಸುಮ್ಮನೆ ಮನೆ ಬಿಟ್ಟುಕೊಡುವುದಿಲ್ಲ. ಗಂಟಿನೊಳಗೆ ಬ್ಯಾಕ್ಟೀರಿಯಾ ಕೂರುವುದು ಗಿಡದ ಪೊರೆಯೊಂದರ ಒಳಗೆ. ಅಲ್ಲಿನ ವಾತಾವರಣ ಹುಳಿ. ಬ್ಯಾಕ್ಟೀರಿಯಾಕ್ಕೆ ಬೇಕಾದ ಕೆಲವು ಕಚ್ಚಾವಸ್ತುಗಳನ್ನು ಗಿಡವೇ ಒದಗಿಸುತ್ತದೆ. ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಕೆಲಸ ಮಾಡುವ ಒಟ್ಟೋ ಗೈಗರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಬೇರು ಸ್ರವಿಸುವ ಕೋಲೀನನ್ನು ಗಂಟು ಕಟ್ಟುವ ಬ್ಯಾಕ್ಟೀರಿಯಾ ರೈಜೋಬಿಯಂ ಹೀರಿಕೊಂಡು ತನ್ನ ಪೊರೆಯ ಫಾಸ್ಫಟಿಡೈಲ್ ಕೋಲೀನ್ ಮಾಡಿಕೊಳ್ಳುತ್ತದೆ. ಮೊಟ್ಟೆಯ ಹಳದಿಯಲ್ಲೂ ಚಾಕೊಲೇಟಿನ ಪಟ್ಟಿಯಲ್ಲೂ ಲೆಸಿಥಿನ್ ಹೆಸರಿನಲ್ಲಿ ಸಿಗುವುದು ಇದೇ. ಗಿಡ, ಪ್ರಾಣಿ, ಮನುಷ್ಯರ ಪೊರೆಗಳಲ್ಲಿ ಇದು ಮಾಮೂಲು, ಬಹುತೇಕ ಬ್ಯಾಕ್ಟೀರಿಯಾಗಳಲ್ಲಿ ಇಲ್ಲ. ಗಿಡದ ಜೊತೆ ಬಾಳುವವುಗಳಲ್ಲಿ ಇದೆ.

ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಸೋಯಾ ಅವರೆಯ ಬ್ರ್ಯಾಡಿರೈಜೋಬಿಯಂ ಮೇಲೆ 2001ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಅಳೆಯಿತು. ಪೊರೆಯ ಫಾಸ್ಫೊಲಿಪಿಡ್ಡುಗಳಲ್ಲಿ ಶೇ. 52ರಷ್ಟಿದ್ದ ಈ ಲಿಪಿಡ್ ರೂಪಾಂತರಿತ ತಳಿಯಲ್ಲಿ ಶೇ. 6ಕ್ಕೆ ಇಳಿದಿತ್ತು. ಗಂಟುಗಳೇನೋ ಬಂದವು. ಒಳಗೆ ಕೆಂಪಿಲ್ಲ, ಮಾಸಲು ಬಣ್ಣ. ಸಾರಜನಕ ಹಿಡಿಯುವ ಕಸುವು ಮೂಲ ತಳಿಯ ಐದನೇ ಒಂದು ಪಾಲಿಗೂ ಕಡಿಮೆ. ಎಣಿಸಲು ಹೊರಟವರಿಗೆ ಗಂಟು ಸಿಗುತ್ತದೆ, ಗಿಡಕ್ಕೆ ಊಟ ಸಿಗುವುದಿಲ್ಲ.

ಇದು ಗಂಟಿನೊಳಗಿನ ಕತೆಯಾಯಿತು. ಆದರೆ ಬ್ಯಾಕ್ಟೀರಿಯಾ ಗಂಟಿಗೆ ಹೋಗುವ ಮೊದಲು ಮಣ್ಣಿನಲ್ಲಿ ಬದುಕಬೇಕು. ಕೊಡಗಿನ ಮಣ್ಣು ಸುಲಭದ್ದಲ್ಲ. ಜೋರು ಮಳೆ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ, ಹುಳಿ ಉಳಿಯುತ್ತದೆ. ಕೆಂಪು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ತೋಟದವರು ಸುಣ್ಣ ಹಾಕುವುದು, ರಾಕ್ ಫಾಸ್ಫೇಟ್ ಎರಚುವುದು ಇದಕ್ಕೇ. ಅಮೋನಿಯಾ ರೂಪದ ಗೊಬ್ಬರವೂ ಯೂರಿಯಾವೂ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ನೈಟ್ರೇಟ್ ಹೆಚ್ಚಾದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಇಂಥ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾ ತನ್ನ ಪೊರೆಯನ್ನು ಬದಲಿಸಿಕೊಳ್ಳುತ್ತದೆ. ರೈಜೋಬಿಯಂ ಟ್ರಾಪಿಸಿ ಎಂಬ ಪ್ರಭೇದದ ಸಿಯಾಟ್ 899 ತಳಿ ಕೊಲಂಬಿಯಾದ ಹುಳಿಮಣ್ಣಿನಿಂದ ಬಂದದ್ದು, ಬೀನ್ಸ್ ಗಿಡದಲ್ಲಿ ಗಂಟು ಕಟ್ಟುತ್ತದೆ. ಅದರ ಪೊರೆಯಲ್ಲಿ ಆರ್ನಿಥಿನ್ ಲಿಪಿಡ್ಡುಗಳಿವೆ. ಅವಕ್ಕೆ ಒಂದು ಕಿಣ್ವ ಇನ್ನೊಂದು ಆಮ್ಲಜನಕದ ಪರಮಾಣುವನ್ನು ಅಂಟಿಸುತ್ತದೆ. ಆ ಕಿಣ್ವ ಕೆಟ್ಟ ತಳಿಗಳು ಹುಳಿಯಲ್ಲಿ ಬೆಳೆಯಲು ಹೆಣಗಾಡುತ್ತವೆ, ಗಿಡದ ಜೊತೆಗಿನ ಹೊಂದಾಣಿಕೆಯಲ್ಲೂ ಹಿಂದೆ ಬೀಳುತ್ತವೆ. ರಂಜಕ ಸಿಗದಾಗ ಮತ್ತೊಂದು ಉಪಾಯ. ಫಾಸ್ಫೊಲಿಪಿಡ್ಡಿನಲ್ಲಿ ರಂಜಕವಿದೆ. ರಂಜಕದ ಬರ ಬಂದಾಗ ರೈಜೋಬಿಯಂ ಆ ಲಿಪಿಡ್ಡನ್ನು ಪೊರೆಯಿಂದ ಕಡಿಮೆ ಮಾಡಿ, ರಂಜಕವಿಲ್ಲದ ಲಿಪಿಡ್ಡುಗಳನ್ನು ಅದರ ಜಾಗಕ್ಕೆ ತುಂಬುತ್ತದೆ.

ಇಲ್ಲಿ ಎದುರುವಾದಕ್ಕೂ ಕಿವಿಗೊಡಬೇಕು. ರಂಜಕವಿಲ್ಲದ ಆ ಲಿಪಿಡ್ಡುಗಳನ್ನು ಮಾಡಲಾರದ ರೈಜೋಬಿಯಂ ತಳಿಯನ್ನು ಗೈಗರ್ ಅವರ ತಂಡದವರೇ ಪರೀಕ್ಷಿಸಿದರು. ಕುದುರೆ ಮಸಾಲೆ ಸೊಪ್ಪಿನ ಗಿಡದಲ್ಲಿ ಅದು ಗಂಟು ಕಟ್ಟಿ ಸಾರಜನಕವನ್ನೂ ಹಿಡಿಯಿತು. ಸೋತದ್ದು ರಂಜಕದ ಬರವಿರುವ ಮಾಧ್ಯಮದಲ್ಲಿ ಬೆಳೆಯುವಾಗ ಮಾತ್ರ. ಹಾಗೆಯೇ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಉದ್ದ ಬಾಲದ ಹೋಪನಾಯ್ಡ್ ಇಲ್ಲದ ಬ್ರ್ಯಾಡಿರೈಜೋಬಿಯಂ ಈಸ್ಕಿನೊಮೆನೆ ಗಿಡದಲ್ಲಿ ಸೋತರೂ ಸೋಯಾದಲ್ಲಿ ಗೆದ್ದಿತು. ಹಾಗಾದರೆ ಲಿಪಿಡ್ಡಿನ ಮಹತ್ವ ಉತ್ಪ್ರೇಕ್ಷೆಯೇ?

ಅಲ್ಲ. ಈ ಫಲಿತಾಂಶಗಳು ವಾದವನ್ನು ಕೆಡಿಸುವುದಿಲ್ಲ, ಅದರ ಗಡಿಯನ್ನು ಗುರುತಿಸುತ್ತವೆ. ಯಾವ ಲಿಪಿಡ್ ಬೇಕು ಎಂಬುದು ಯಾವ ಗಿಡ, ಯಾವ ಮಣ್ಣು, ಬದುಕಿನ ಯಾವ ಹಂತ ಎಂಬುದನ್ನು ಅವಲಂಬಿಸಿದೆ. ಗಂಟಿನೊಳಗೆ ಬೇಡವಾದದ್ದು ಮಣ್ಣಿನಲ್ಲಿ ಬೇಕಾಗಬಹುದು. ಒಂದು ಬೆಳೆಗೆ ಸರಿಹೋಗುವ ತಳಿ ಇನ್ನೊಂದಕ್ಕೆ ಹೋಗದಿರಬಹುದು. ಹೀಗಿರುವಾಗ ಒಂದೂರಿನ ಕಪ್ಪುಮಣ್ಣಿನಲ್ಲಿ ಗೆದ್ದ ತಳಿಯನ್ನು ದುಬಾರೆ ಬದಿಯ ಹುಳಿಮಣ್ಣಿಗೆ ತಂದು ಸುರಿದು, ಜೀವಾಣುಗಳ ಸಂಖ್ಯೆ ತೋರಿಸಿ ಸಮಾಧಾನಪಡುವುದು ಸರಿಯಲ್ಲ.

ಕಾನೂನು ಏನು ಕೇಳುತ್ತದೆ ನೋಡಬಹುದು. 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಜೈವಿಕ ಗೊಬ್ಬರಗಳು ಬಂದದ್ದು 2006ರಲ್ಲಿ. ರೈಜೋಬಿಯಂ ಪುಡಿಯಾದರೆ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಾಣು, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ. ಪೊಟ್ಟಣದ ಪಿಎಚ್ 6.5ರಿಂದ 7.5ರ ನಡುವೆ ಇರಬೇಕು. ಹೇಳಿದ ಬೆಳೆಯಲ್ಲಿ ಗಂಟು ಕಟ್ಟಿಸುವ ಶಕ್ತಿಯೂ ಇರಬೇಕು. ಕಳಪೆ ಮಾಲಿಗೆ ಇದು ಒಳ್ಳೆಯ ಕಡಿವಾಣ. ಆದರೆ ತಟಸ್ಥ ಪಿಎಚ್‌ನ ಪೊಟ್ಟಣದಲ್ಲಿ ಸುಖವಾಗಿದ್ದ ಬ್ಯಾಕ್ಟೀರಿಯಾ 5ರ ಆಸುಪಾಸಿನ ಪಿಎಚ್‌ನ ಮಣ್ಣಿಗೆ ಬಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಬೀಜಕ್ಕೆ ಅಂಟಿಸಿ ನೆರಳಲ್ಲಿ ಒಣಗಿಸುವಾಗಲೂ ಪೊರೆ ಹರಿದು ಬಹಳಷ್ಟು ಜೀವಾಣುಗಳು ಸಾಯುತ್ತವೆ. ಪೊಟ್ಟಣದೊಳಗಿನ ಎಣಿಕೆಗೂ ಬೇರಿನ ಬಳಿ ಉಳಿಯುವ ಎಣಿಕೆಗೂ ನಡುವೆ ನಿಂತಿರುವುದು ಈ ಪೊರೆಯೇ.

ಹಾಲುವಾಣಕ್ಕೆ ಬಂದರೆ ವಿಷಯ ಇನ್ನೂ ಹತ್ತಿರದ್ದಾಗುತ್ತದೆ. ಮಳೆಗಾಲಕ್ಕೆ ಮುನ್ನ ತೋಟಗಳಲ್ಲಿ ಮರಕಸಿ ನಡೆಯುತ್ತದೆ. ಹಾಲುವಾಣದ ರೆಂಬೆಗಳನ್ನು ಸವರಿ ಬೆಳಕು ಬಿಡುತ್ತಾರೆ, ಸೊಪ್ಪು ಕಾಫಿ ಬುಡಕ್ಕೆ ಬೀಳುತ್ತದೆ, ಅದು ಕೊಳೆತು ಅದರ ಸಾರಜನಕ ಕಾಫಿಗೆ ಸೇರುತ್ತದೆ. ಇಷ್ಟು ಎಲ್ಲ ಬೆಳೆಗಾರರಿಗೂ ಗೊತ್ತು. ನೆಲದ ಕೆಳಗೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ. ಕೋಸ್ಟರಿಕಾದಲ್ಲಿ ಹಾಲುವಾಣದ ಅಕ್ಕತಂಗಿ ಜಾತಿಯ ಮರಗಳ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೆಂಬೆಗಳನ್ನು ಪೂರಾ ಸವರಿದ ಮೇಲೆ ಸುಮಾರು 10 ವಾರ ಬೇರಿನಲ್ಲಿ ಗಂಟುಗಳೇ ಹೆಚ್ಚುಕಡಿಮೆ ಮಾಯವಾದವು. ಎಲೆಯಿಲ್ಲದೆ ಸಕ್ಕರೆಯಿಲ್ಲ, ಸಕ್ಕರೆಯಿಲ್ಲದೆ ಗಂಟಿಲ್ಲ. ಹೊಸ ಎಲೆ ಬಂದ ಮೇಲೆ ಹೊಸ ಗಂಟು. ಅದನ್ನು ಕಟ್ಟಲು ಮಣ್ಣಿನಿಂದ ಬ್ಯಾಕ್ಟೀರಿಯಾ ಮತ್ತೆ ಬೇರಿಗೆ ಬರಬೇಕು. ಹೀಗೆ ಪ್ರತಿ ಮರಕಸಿಯೂ ಬ್ಯಾಕ್ಟೀರಿಯಾಗಳನ್ನು ಗಂಟಿನ ಆಸರೆಯಿಂದ ಹೊರದಬ್ಬಿ, ಮುಂಗಾರಿನ ಮಳೆ ಹೊಯ್ಯುವ ಹೊತ್ತಿಗೆ ಹುಳಿಮಣ್ಣಿನ ಕೈಗೆ ಒಪ್ಪಿಸುತ್ತದೆ. ಹುಳಿ ತಾಳುವ ಪೊರೆಯಿದ್ದವು ಉಳಿಯುತ್ತವೆ.

ಈ ನಡುವೆ ಹಾಲುವಾಣವೇ ತೋಟಗಳಿಂದ ಜಾಗ ಕಳೆದುಕೊಳ್ಳುತ್ತಿದೆ. ಅದರ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಬೆಳೆಗಾರರ ಲೆಕ್ಕ ಅರ್ಥವಾಗುವಂಥದು. ಸಿಲ್ವರ್ ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಪ್ಪುತ್ತದೆ, ಮೋಪಿಗೆ ಬೆಲೆಯಿದೆ, ವರ್ಷವರ್ಷ ಸವರಲು ಆಳು ಹುಡುಕಬೇಕಿಲ್ಲ. ಹಾಲುವಾಣದ ಕಟ್ಟಿಗೆ ಮೆದು, ಮಾರಿದರೆ ಕಾಸಿಲ್ಲ. 2005ರ ಆಸುಪಾಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದ ಗಂಟುಕಣಜ ಅದರ ಚಿಗುರುಗಳನ್ನು ಊದಿಸಿ ಕೆಡಿಸಿತು. ಆಸ್ಟ್ರೇಲಿಯಾ ಮೂಲದ ಸಿಲ್ವರ್‌ಗೆ ತನ್ನದೇ ಜಾಣತನವೂ ಇದೆ. ಗೊಂಚಲು ಬೇರುಗಳಿಂದ ರಂಜಕವನ್ನು ಸೆಳೆದುಕೊಳ್ಳುತ್ತದೆ. ಆದರೆ ಅದು ಗಾಳಿಯ ಸಾರಜನಕ ಹಿಡಿಯುವುದಿಲ್ಲ. ಅದು ಹಿಡಿಯದ್ದನ್ನು ಮೂಟೆಯಲ್ಲಿ ತಂದು ಹಾಕಬೇಕು. ಮೂಟೆಯ ಗೊಬ್ಬರ ಮಣ್ಣಿನ ಹುಳಿ ಹೆಚ್ಚಿಸುತ್ತದೆ, ಹುಳಿ ಹೆಚ್ಚಿದಷ್ಟೂ ಉಳಿದ ಹಾಲುವಾಣಗಳ ಗಂಟು ಸೊರಗುತ್ತದೆ, ಗಂಟು ಸೊರಗಿದಷ್ಟೂ ಮೂಟೆ ಹೆಚ್ಚು ಬೇಕು. ಒಂದು ಮರದ ಬದಲಿಗೆ ಇನ್ನೊಂದು ಮರ ಎಂದು ಕಾಣುವ ವ್ಯವಹಾರದಲ್ಲಿ ಈ ಸುತ್ತು ಅಡಗಿದೆ.

ಎಲ್ಲ ಹೊಣೆಯನ್ನೂ ಲಿಪಿಡ್ಡಿನ ಹೆಗಲಿಗೆ ಹಾಕುವುದೂ ಸರಿಯಲ್ಲ. ಹುಳಿಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಸುಡುತ್ತದೆ, ಸುಣ್ಣದಂಶ ಕಡಿಮೆಯಾದರೆ ಬೇರುಗೂದಲಿಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳುವುದೇ ಕಷ್ಟ, ಮಾಲಿಬ್ಡಿನಂ ಸಿಗದಿದ್ದರೆ ಕಿಣ್ವವೇ ತಯಾರಾಗುವುದಿಲ್ಲ. ಆದರೆ ಇವುಗಳಲ್ಲಿ ಹಲವಕ್ಕೆ ಮದ್ದು ಒಂದೇ, ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು. ಅದರ ಜೊತೆಗೆ ಮರಕಸಿಯಲ್ಲಿ ಪ್ರತಿ ಹಾಲುವಾಣಕ್ಕೆ ಒಂದೆರಡು ಎಲೆರೆಂಬೆ ಉಳಿಸಿದರೆ ಗಂಟುಗಳು ಪೂರ್ತಿ ಸಾಯುವುದು ತಪ್ಪಬಹುದು. ಹೊಸ ಗಂಟು ಕಟ್ಟುವ ವಾರಗಳಲ್ಲಿ ಯೂರಿಯಾ ಕಂತನ್ನು ಮುಂದಕ್ಕೆ ಹಾಕಲೂಬಹುದು. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ.

ಹೊಸದಾಗಿ ಆಗಬೇಕಾದ್ದು ತಳಿಯ ಆಯ್ಕೆ. ಕೊಡಗಿನಲ್ಲಿ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಹಳೆಯ ತೋಟಗಳ ಹಾಲುವಾಣದ ಬೇರಿನಿಂದ ಕೆಂಪು ಗಂಟುಗಳನ್ನು ಆರಿಸಿ, ಬ್ಯಾಕ್ಟೀರಿಯಾ ಬೇರ್ಪಡಿಸಿ, ಒಂದು ಪಾಲನ್ನು ತಟಸ್ಥ ಮಾಧ್ಯಮದಲ್ಲಿ, ಇನ್ನೊಂದನ್ನು ಪಿಎಚ್ 4.5ರಲ್ಲಿ ಬೆಳೆಸಬಹುದು. ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಬೆರೆಸಿ ಪೊರೆಯ ಕೊಬ್ಬು ತೆಗೆದು ಸಿಲಿಕಾ ಫಲಕದ ಮೇಲೆ ಓಡಿಸಿದರೆ ಲಿಪಿಡ್ಡುಗಳು ಒಂದೊಂದು ಎತ್ತರದಲ್ಲಿ ಚುಕ್ಕೆಯಾಗಿ ನಿಲ್ಲುತ್ತವೆ. ಹುಳಿಯಲ್ಲಿ ಯಾವ ಚುಕ್ಕೆ ದಟ್ಟವಾಯಿತು, ಯಾವುದು ಹೊಸದಾಗಿ ಮೂಡಿತು ಎಂಬುದು ಅಲ್ಲೇ ಕಾಣುತ್ತದೆ. 1959ರಿಂದ ಬಳಕೆಯಲ್ಲಿರುವ ಸರಳ ವಿಧಾನವಿದು, ಕಾಲೇಜಿನ ಪ್ರಯೋಗಾಲಯದಲ್ಲೂ ನಡೆಯುತ್ತದೆ. ಹುಳಿಯಲ್ಲಿ ಪೊರೆ ಬದಲಿಸಿಕೊಂಡು ಚೆನ್ನಾಗಿ ಬೆಳೆಯುವ ತಳಿಗಳನ್ನಷ್ಟೇ ಹಾಲುವಾಣದ ಗೂಟದ ಜೊತೆ ತೋಟದ ಮಣ್ಣಿನ ಕುಂಡಗಳಲ್ಲಿ ಪರೀಕ್ಷಿಸಿ, ಗೆದ್ದದ್ದನ್ನು ಪೊಟ್ಟಣಕ್ಕೆ ತುಂಬಬಹುದು. ಆ ಪೊಟ್ಟಣದ ಮೇಲೆ ಜೀವಾಣುಗಳ ಸಂಖ್ಯೆಯ ಕೆಳಗೇ ಇನ್ನೆರಡು ಸಾಲು ಅಚ್ಚಾಗಲಿ: ತಳಿ ಯಾವ ಮಣ್ಣಿನಿಂದ ಬಂತು, ಎಷ್ಟು ಪಿಎಚ್‌ನವರೆಗೆ ಅದನ್ನು ಪರೀಕ್ಷಿಸಲಾಗಿದೆ.